ಫೈಬರ್ ದೋಣಿಯ ತಳಕ್ಕೆ ಹಾಕಿದ ತೇಪೆ ಒಂದೇ ವರ್ಷಕ್ಕೆ ಎದ್ದುಬಂದಿದೆ: ಮನೆಯಲ್ಲೇ ಸರಿಯಾಗಿ ದುರಸ್ತಿ ಮಾಡುವುದು ಹೇಗೆ?

ಪ್ರಶ್ನೆ: ಅಳಿವೆ ದಂಡೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಅಳಿವೆಯ ದಂಡೆಯ ಮೇಲಿದೆ. ಬಲೆ ಬಿಡಲಿಕ್ಕೂ ಇಳಿತದ ಹೊತ್ತಿಗೆ ಬಳಚು (ಚಿಪ್ಪುಮೀನು) ತೆಗೆಯಲಿಕ್ಕೂ ನಾವು ಬಳಸುವುದು 16 ಅಡಿ ಉದ್ದದ ಒಂದು ಹಳೆಯ ಫೈಬರ್ ದೋಣಿ. ತಂದೆಯವರು ಅದನ್ನು ಕೊಂಡು 14 ವರ್ಷಗಳಾದವು. ಮೇಲ್ಭಾಗ ಇವತ್ತಿಗೂ ಗಟ್ಟಿಮುಟ್ಟಾಗಿದೆ. ತೊಂದರೆ ಇರುವುದೆಲ್ಲ ತಳದಲ್ಲಿ.

ಈಗ ನನಗೆ ಕಾಣಿಸುತ್ತಿರುವ ಹಾನಿ ಮೂರು ಬಗೆಯದು. ಮೊದಲನೆಯದು, ತಳದ ನಡುವೆ ಉದ್ದಕ್ಕೂ ಬೆನ್ನೆಲುಬಿನಂತೆ ಇರುವ ಕೀಲ್ ಮುಂಭಾಗದಲ್ಲಿ ಸವೆದುಹೋಗಿ, ತೆಂಗಿನ ಸಿಪ್ಪೆಯ ನಾರು ಬಿಚ್ಚಿಕೊಂಡ ಹಾಗೆ ಗಾಜಿನ ಎಳೆಗಳು ಹೊರಗೆ ಕಾಣುತ್ತಿವೆ. ಎರಡನೆಯದು, ಎರಡು ವರ್ಷದ ಹಿಂದೆ ಕಲ್ಗದ ಚಿಪ್ಪು ಕಚ್ಚಿಕೊಂಡಿದ್ದ ಬಂಡೆಗೆ ತಾಗಿ ಎಡಬದಿಯ ತಳ ಒಡೆದಿತ್ತು. ಆ ತೂತು ಸುಮಾರು 4 ಸೆಂಟಿಮೀಟರ್ ಅಗಲವಿದೆ. ಮೂರನೆಯದು, ಹಿಂಭಾಗದ ತಳದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡ ಗುಳ್ಳೆಗಳು ಎದ್ದಿವೆ. ಒಂದನ್ನು ಮೊಳೆಯಿಂದ ಚುಚ್ಚಿ ನೋಡಿದೆ. ಒಳಗಿಂದ ಅಂಟಂಟಾದ ನೀರು ಬಂತು, ಅದಕ್ಕೆ ವಿನೆಗರಿನಂತಹ ಹುಳಿ ವಾಸನೆಯಿತ್ತು.

ಹೋದ ವರ್ಷ ಮೇ ತಿಂಗಳಲ್ಲಿ ಆ ತೂತಿಗೆ ನಾನೇ ತೇಪೆ ಹಾಕಿದ್ದೆ. ದೋಣಿಯನ್ನು ದಡಕ್ಕೆ ಎಳೆದ ಮರುದಿನವೇ ಒಡೆದ ಜಾಗವನ್ನು ಬಾವಿಯ ನೀರಿನಿಂದ ತೊಳೆದು, ಒಂದಿಷ್ಟು ಪಾಲಿಶ್ ಪೇಪರ್ ಉಜ್ಜಿ, ಕಾರಿನ ಡೆಂಟ್ ತುಂಬುವ ಪುಟ್ಟಿಯನ್ನು ತೂತಿಗೆ ತುಂಬಿ, ಅದರ ಮೇಲೆ ಎರಡು ಪದರ ಮ್ಯಾಟನ್ನು (ಗಾಜಿನ ಎಳೆಗಳ ಹಾಳೆ) ರೆಸಿನ್ (ಆರಿದಾಗ ಗಟ್ಟಿಯಾಗುವ ಅಂಟುದ್ರವ) ಹಚ್ಚಿ ಕೂರಿಸಿದೆ. ಮಳೆಗಾಲವಿಡೀ ಅದು ನೀರು ಬಿಡಲಿಲ್ಲ. ಈ ಜನವರಿಯಲ್ಲಿ ಒಂದು ಅಂಚು ಎದ್ದಿತು, ಮೊನ್ನೆ ಪೂರ್ತಿ ತೇಪೆಯೇ ಕೈಗೆ ಬಂತು. ತಿರುಗಿಸಿ ನೋಡಿದರೆ ಅದರ ಹಿಂಬದಿ ಗಾಜಿನಂತೆ ನುಣುಪಾಗಿ ಹೊಳೆಯುತ್ತಿತ್ತು. ಪುಟ್ಟಿಯನ್ನು ಬೆರಳಿನಿಂದ ಒತ್ತಿದರೆ ಒದ್ದೆ ಸೀಮೆಸುಣ್ಣದ ಹಾಗೆ ಪುಡಿಯಾಗುತ್ತಿತ್ತು.

ನಾನು ತಪ್ಪಿದ್ದು ಎಲ್ಲಿ, ಮಳೆ ಹಿಡಿಯುವ ಮೊದಲು ಈ ಮೂರೂ ಕೆಲಸವನ್ನು ಮನೆಯಂಗಳದಲ್ಲಿ ಮಾಡಿ ಮುಗಿಸಬಹುದೇ, ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ ಸಾಕೇ ಅಥವಾ ಎಪಾಕ್ಸಿಯೇ ಬೇಕೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು. ಈಗ ಏಪ್ರಿಲ್ ಮೊದಲ ವಾರ. ನನ್ನ ಬಳಿ ಒಂದು 4 ಇಂಚಿನ ಗ್ರೈಂಡರ್ ಇದೆ, ಕೈಜೋಡಿಸಲು ನೆರೆಮನೆಯವರು ಇದ್ದಾರೆ.


ಉತ್ತರ: ಕುಂದಾಪುರದ ದೋಣಿಶೆಡ್ಡು

ನಾನು ಫೈಬರ್ ದೋಣಿ ಕಟ್ಟುವ ಶೆಡ್ಡಿನಲ್ಲಿ ಬಹಳ ವರ್ಷ ಮ್ಯಾಟ್ ಹಾಕುವ ಕೆಲಸ ಮಾಡಿದವನು. ನಿಮ್ಮ ಪ್ರಶ್ನೆಯಲ್ಲೇ ಅದರ ಉತ್ತರವೂ ಇದೆ. ತೇಪೆಯ ಹಿಂಬದಿ ನುಣುಪಾಗಿ ಹೊಳೆಯುತ್ತಿತ್ತು ಎಂದು ನೀವು ಬರೆದಿದ್ದೀರಲ್ಲ, ಅದರರ್ಥ ನಿಮ್ಮ ತೇಪೆ ದೋಣಿಯ ಗಾಜಿನ ಪದರಕ್ಕೆ ಹಿಡಿದೇ ಇರಲಿಲ್ಲ. ಅದು ಮೇಲಿನ ಜೆಲ್‌ಕೋಟಿನ (ಹೊರಮೈಯ ನುಣುಪಾದ ರೆಸಿನ್ ಲೇಪ) ಮೇಲೆ ಬರಿದೆ ಕುಳಿತಿತ್ತು. ಹಳೆಯ ರೆಸಿನ್ ಒಮ್ಮೆ ಪೂರ್ತಿ ಗಟ್ಟಿಯಾದ ಮೇಲೆ ಹೊಸ ರೆಸಿನ್ ಅದರೊಂದಿಗೆ ಕರಗಿ ಒಂದಾಗುವುದಿಲ್ಲ. ಉಜ್ಜಿ ಒರಟು ಮಾಡಿದ ಮೇಲ್ಮೈಯ ಸಣ್ಣ ಸಣ್ಣ ಗೀರುಗಳಿಗೆ ಇಳಿದು ಕಚ್ಚಿಕೊಂಡರೆ ಮಾತ್ರ ಅದು ನಿಲ್ಲುತ್ತದೆ. ಕಾರಿನ ಪುಟ್ಟಿಯ ವಿಷಯವೂ ಇಷ್ಟೇ. ಅದರಲ್ಲಿ ಟಾಲ್ಕ್ ಪುಡಿ ತುಂಬಿರುತ್ತದೆ. ನೀರಿನ ಮೇಲಿರುವ ಭಾಗಕ್ಕೆ ಅದು ನಡೆದೀತು, ಸದಾ ನೀರಿನಲ್ಲಿ ಮುಳುಗಿರುವ ತಳದಲ್ಲಿ ಅದು ನೀರು ಕುಡಿಯುತ್ತಲೇ ಇರುತ್ತದೆ.

ದೋಣಿಯನ್ನು ಮಗುಚುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ. ಅದನ್ನು ನೆಲದಿಂದ ಒಂದಡಿ ಎತ್ತರದಲ್ಲಿ ಹಳೆಯ ಟಯರುಗಳ ಮೇಲೆ ನೇರವಾಗಿ ಕೂರಿಸಿ, ತೂತನ್ನು ತಾತ್ಕಾಲಿಕವಾಗಿ ಮುಚ್ಚಿ, ಒಳಗೆ ನಾಲ್ಕು ಬೆರಳಿನಷ್ಟು ಮಾತ್ರ ಸಿಹಿನೀರು ಹಾಕಿ. ಹೆಚ್ಚು ಹಾಕಿದರೆ ಆ ಭಾರಕ್ಕೇ ಹಳೆಯ ತಳ ಬಿರಿಯಬಹುದು. ಅರ್ಧ ಗಂಟೆ ಬಿಟ್ಟು, ತಳವನ್ನು ಒಣಬಟ್ಟೆಯಿಂದ ಒರೆಸಿ, ಎಲ್ಲೆಲ್ಲಿ ಹನಿ ಕಟ್ಟುತ್ತದೆ ಎಂದು ನೋಡಿ ಸೀಸದ ಕಡ್ಡಿಯಿಂದ ಗುರುತು ಹಾಕಿಕೊಳ್ಳಿ. ಕಣ್ಣಿಗೆ ಕಾಣದ ಕೂದಲಿನಂತಹ ಬಿರುಕುಗಳು ಈ ಒಂದು ಕೆಲಸದಿಂದ ಹೊರಬೀಳುತ್ತವೆ. ಆಮೇಲೆ ನೀರು ಬಸಿದು, ಆರೇಳು ಜನ ಸೇರಿ ದೋಣಿಯನ್ನು ಮಗುಚಿ ಗೋಣಿಚೀಲ ಹಾಸಿದ ಟಯರುಗಳ ಮೇಲೆ ಇಡಿ. ಮಲಗಿಕೊಂಡು ಕೆಳಗಿನಿಂದ ಮ್ಯಾಟ್ ಹಾಕಲು ಹೋಗಬೇಡಿ. ಒದ್ದೆ ಮ್ಯಾಟ್ ತನ್ನ ಭಾರಕ್ಕೇ ಜೋತುಬೀಳುತ್ತದೆ, ರೆಸಿನ್ ಕಣ್ಣಿಗೆ ತೊಟ್ಟಿಕ್ಕುತ್ತದೆ.

ಮಗುಚಿದ ಮೇಲೆ ಒಂದು ಸ್ಟೀಲ್ ಚಮಚದ ಹಿಡಿಯಿಂದ ಇಡೀ ತಳವನ್ನು ಅಂಗೈಯಷ್ಟಗಲದ ಅಂತರದಲ್ಲಿ ತಟ್ಟುತ್ತಾ ಹೋಗಿ. ಗಟ್ಟಿಯಿರುವ ಕಡೆ ಟಣ್ ಎಂದು ಚುರುಕಾದ ಸದ್ದು ಬರುತ್ತದೆ. ಪದರಗಳು ಒಳಗೆ ಬಿಟ್ಟುಕೊಂಡಿರುವ ಕಡೆ ಮಾಗಿದ ಹಲಸಿನ ಹಣ್ಣನ್ನು ತಟ್ಟಿದ ಹಾಗೆ ಮಂದ ಸದ್ದು ಬರುತ್ತದೆ. ನಿಮ್ಮ ಒಡೆದ ತೂತು 4 ಸೆಂಟಿಮೀಟರ್ ಇದ್ದರೂ ಅದರ ಸುತ್ತ ಪದರ ಬಿಟ್ಟ ಜಾಗ ಅದರ ಎರಡರಷ್ಟು ಇರಬಹುದು. ಮಂದ ಸದ್ದು ಬರುವುದನ್ನೆಲ್ಲ ಕತ್ತರಿಸಿ ತೆಗೆಯಬೇಕು. ಉಳಿಸಿಕೊಳ್ಳುವ ಆಸೆ ಇಟ್ಟುಕೊಳ್ಳಬೇಡಿ.

ಇನ್ನು ಗುಳ್ಳೆಗಳು. ಪಾಲಿಯೆಸ್ಟರ್ ಜೆಲ್‌ಕೋಟ್ ಪೂರ್ತಿ ನೀರು ತಡೆಯುವ ವಸ್ತುವಲ್ಲ, ವರ್ಷಗಟ್ಟಲೆ ನೀರಿನಲ್ಲಿದ್ದರೆ ಹಬೆಯ ಹಾಗೆ ಸ್ವಲ್ಪ ಸ್ವಲ್ಪ ನೀರು ಒಳಸೇರುತ್ತದೆ. ಒಳಗೆ ಸರಿಯಾಗಿ ಗಟ್ಟಿಯಾಗದೆ ಉಳಿದ ರೆಸಿನ್ನಿನ ಅಂಶಗಳು ಆ ನೀರಿನಲ್ಲಿ ಕರಗಿ ಹುಳಿದ್ರವವಾಗುತ್ತವೆ, ಆ ದ್ರವ ಹೊರಗಿನಿಂದ ಇನ್ನಷ್ಟು ನೀರನ್ನು ಎಳೆದುಕೊಂಡು ಒತ್ತಡ ಹೆಚ್ಚಿದಾಗ ಜೆಲ್‌ಕೋಟ್ ಗುಳ್ಳೆಯಾಗಿ ಏಳುತ್ತದೆ. ನೀವು ಮೂಸಿದ ಹುಳಿ ವಾಸನೆ ಅದರದ್ದೇ. ಪ್ರತಿಯೊಂದು ಗುಳ್ಳೆಯನ್ನೂ ತೆರೆದು, ಗಟ್ಟಿ ಗಾಜಿನ ಪದರ ಸಿಗುವವರೆಗೆ ಬಟ್ಟಲಿನಾಕಾರಕ್ಕೆ ಉಜ್ಜಿ, ಬಿಸಿನೀರು ಮತ್ತು ಗಟ್ಟಿ ಬ್ರಷ್ಷಿನಿಂದ ಮೂರು ನಾಲ್ಕು ದಿನ ಮತ್ತೆ ಮತ್ತೆ ತೊಳೆಯಬೇಕು. ಆ ಹುಳಿ ಅಂಶ ಒಳಗೆ ಉಳಿದರೆ ಎಷ್ಟು ಬಿಸಿಲಿಗೆ ಇಟ್ಟರೂ ಆ ಜಾಗ ಗಾಳಿಯ ತೇವವನ್ನು ಹೀರಿಕೊಂಡು ಒದ್ದೆಯಾಗಿಯೇ ಇರುತ್ತದೆ.

ಒಣಗಿಸುವುದಕ್ಕೆ ಅವಸರ ಮಾಡಬಾರದು. ಎರಡು ಮೂರು ವಾರ ಬಿಟ್ಟು, ಒಂದಡಿ ಚೌಕದ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ತಳದ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಹಾಳೆಯ ಒಳಮೈಯಲ್ಲಿ ಮಂಜು ಕಟ್ಟಿದ್ದರೆ ಇನ್ನೂ ಒಣಗಬೇಕು. ಕಟ್ಟದಿದ್ದರೆ ಕೆಲಸಕ್ಕೆ ಇಳಿಯಬಹುದು.

ಉಜ್ಜುವ ಮೊದಲು ಮೇಲ್ಮೈಯನ್ನು ಅಸಿಟೋನಿನಿಂದ ಒರೆಸಬೇಕು. ಹಲವರು ಇದನ್ನು ಉಜ್ಜಿದ ಮೇಲೆ ಮಾಡುತ್ತಾರೆ. ಅಚ್ಚಿನಿಂದ ಬಂದ ಮೇಣವಾಗಲಿ ಎಂಜಿನ್ನಿನ ಎಣ್ಣೆಯಾಗಲಿ ಮೇಲೆ ಉಳಿದಿದ್ದರೆ ಗ್ರೈಂಡರ್ ಅದನ್ನು ಗೀರುಗಳ ಒಳಕ್ಕೇ ತಿಕ್ಕಿಬಿಡುತ್ತದೆ. ಒಂದು ಬಟ್ಟೆಯಿಂದ ಹಚ್ಚಿ, ಅದು ಆರುವ ಮೊದಲು ಇನ್ನೊಂದು ಸ್ವಚ್ಛ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಈಗ ತೂತಿನ ಅಂಚು. ಇಡೀ ದುರಸ್ತಿಯ ಬಲ ಇರುವುದು ಇಲ್ಲೇ. ತಳ ಎಷ್ಟು ದಪ್ಪವಿದೆಯೋ ಅದರ ಹನ್ನೆರಡರಷ್ಟು ಅಗಲಕ್ಕೆ ಸುತ್ತಲೂ ಇಳಿಜಾರಾಗಿ ಉಜ್ಜಬೇಕು. ನಿಮ್ಮ ತಳ 5 ಮಿಲಿಮೀಟರ್ ದಪ್ಪವಿದ್ದರೆ ಸುತ್ತಲೂ 60 ಮಿಲಿಮೀಟರ್, ಎಂದರೆ 4 ಸೆಂಟಿಮೀಟರಿನ ತೂತಿಗೆ 16 ಸೆಂಟಿಮೀಟರ್ ಅಗಲದ ತೇಪೆ. ಇಷ್ಟು ಚಿಕ್ಕ ತೂತಿಗೆ ಇಷ್ಟು ದೊಡ್ಡ ಗುಂಡಿಯೇ ಎಂದು ಅನ್ನಿಸುವುದು ಸಹಜ. ಹೊಸ ಗಾಜು ಹಳೆಯ ಗಾಜಿನ ಪ್ರತಿಯೊಂದು ಪದರದ ಮೇಲೂ ಅಗಲವಾಗಿ ಕೂರಬೇಕಾದರೆ ಬೇರೆ ದಾರಿಯಿಲ್ಲ. 36 ಅಥವಾ 40 ನಂಬರಿನ ಡಿಸ್ಕ್ ಹಾಕಿ, ಗ್ರೈಂಡರನ್ನು ಒಂದೇ ಕಡೆ ಒತ್ತದೆ ಆಡಿಸುತ್ತಾ ಹೋದರೆ, ಹಳೆಯ ಪದರಗಳು ಮರದ ದಿಮ್ಮಿಯ ಉಂಗುರಗಳಂತೆ ಒಂದರ ಹೊರಗೊಂದು ಮೂಡಿಬರುತ್ತವೆ. ಆ ಉಂಗುರಗಳು ಎಲ್ಲ ಕಡೆ ಒಂದೇ ಅಗಲ ಇದ್ದರೆ ನಿಮ್ಮ ಇಳಿಜಾರು ಸರಿಯಾಗಿದೆ. ಉಂಗುರ ಎಲ್ಲಿ ಕಿರಿದಾಗಿದೆಯೋ ಅಲ್ಲಿ ಇಳಿಜಾರು ಕಡಿದಾಗಿದೆ, ಅಲ್ಲಿ ಇನ್ನಷ್ಟು ಉಜ್ಜಬೇಕು. ಒಳಗಿನಿಂದ ಕೈ ಹೋಗುವುದಾದರೆ ಪ್ಲಾಸ್ಟಿಕ್ ಸುತ್ತಿದ ರಟ್ಟು ಅಥವಾ ಪ್ಲೈವುಡ್ ತುಂಡನ್ನು ಆಸರೆಗೆ ಒತ್ತಿ ಕಟ್ಟಿ, ಹೊರಗಿನ ಪದರಗಳು ಗಟ್ಟಿಯಾದ ಮೇಲೆ ಅದನ್ನು ಬಿಡಿಸಿ ಒಳಗಿನಿಂದಲೂ ಉಜ್ಜಿ ಎರಡು ಪದರ ಹಾಕಿ.

ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ಒಂದು ಪದರಕ್ಕೆ ಸುಮಾರು 1 ಮಿಲಿಮೀಟರ್ ದಪ್ಪ ಕೊಡುತ್ತದೆ, ಹಾಗಾಗಿ ನಿಮಗೆ ಐದು ಪದರ ಬೇಕಾಗುತ್ತದೆ. ಎಲ್ಲಕ್ಕಿಂತ ದೊಡ್ಡ ತುಂಡನ್ನು ಮೊದಲು ಹಾಕಿ, ಅದರ ಮೇಲೆ ಚಿಕ್ಕ ಚಿಕ್ಕವನ್ನು ಹಾಕುತ್ತಾ ಬನ್ನಿ. ಚಿಕ್ಕದನ್ನು ಮೊದಲು ಹಾಕುವವರೂ ಇದ್ದಾರೆ, ಆದರೆ ಕೊನೆಯಲ್ಲಿ ಮೇಲ್ಮೈ ಸಮ ಮಾಡಲು ಉಜ್ಜುವಾಗ ಹೊರಗಿನ ದೊಡ್ಡ ಪದರದ ಅಂಚೇ ಕತ್ತರಿಸಿ ಹೋಗುವುದನ್ನು ನಾನು ನೋಡಿದ್ದೇನೆ. ಮೊದಲು ಉಜ್ಜಿದ ಜಾಗಕ್ಕೆ ರೆಸಿನ್ ಬಳಿದು, ಅದರ ಮೇಲೆ ಮ್ಯಾಟ್ ಇಟ್ಟು, ಬ್ರಷ್ಷನ್ನು ಎಳೆಯದೆ ಕುಟ್ಟಿ ಕುಟ್ಟಿ ನೆನೆಸಿ. ಬೆಳ್ಳಗಿದ್ದ ಮ್ಯಾಟ್ ನೆನೆದಂತೆ ಪಾರದರ್ಶಕವಾಗುತ್ತದೆ. ಬಿಳಿ ಚುಕ್ಕೆ ಉಳಿದಿದ್ದರೆ ಅಲ್ಲಿ ಗಾಳಿ ಇದೆ ಎಂದರ್ಥ, ಹಲ್ಲಿನ ರೋಲರಿನಿಂದ ಒಳಗಿನಿಂದ ಹೊರಕ್ಕೆ ಉರುಳಿಸಿ ಅದನ್ನು ಹೊರಗೆ ಹಾಕಿ. ಒಮ್ಮೆಗೆ ಮೂರಕ್ಕಿಂತ ಹೆಚ್ಚು ಪದರ ಹಾಕಬೇಡಿ, ಗಟ್ಟಿಯಾಗುವಾಗ ಹುಟ್ಟುವ ಕಾವಿಗೆ ತೇಪೆ ಸುಟ್ಟು ಬಿರುಕು ಬಿಡುತ್ತದೆ. ಉಳಿದ ಎರಡನ್ನು ಕಾವು ಆರಿದ ಮೇಲೆ, ಮೇಲ್ಮೈ ಇನ್ನೂ ಕೈಗೆ ಅಂಟುತ್ತಿರುವಾಗಲೇ ಹಾಕಿದರೆ ಮತ್ತೆ ಉಜ್ಜಬೇಕಾಗಿಲ್ಲ.

ಹವಾಮಾನದ ಬಗ್ಗೆ ಒಂದು ಮಾತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುವುದರಿಂದ ಆ ಎರಡು ತಿಂಗಳಲ್ಲಿ ದುರಸ್ತಿ ಮಾಡಿಕೊಳ್ಳುವುದು ಕರಾವಳಿಯಲ್ಲಿ ರೂಢಿ. ಮುಚ್ಚಿದ ಶೆಡ್ಡು ಇದ್ದವರಿಗೆ ಅದು ಸರಿ. ಅಂಗಳದಲ್ಲಿ ಮಾಡುವವರಿಗೆ ಅದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ. ನಿಮಗೆ ಏಪ್ರಿಲ್ ಮತ್ತು ಮೇ ಇದೆ. ತೊಳೆಯುವುದನ್ನು ಈ ವಾರವೇ ಶುರುಮಾಡಿ. ತೆಂಗಿನ ಗರಿಯ ಚಪ್ಪರ ಹಾಕಿ ನೆರಳು ಮಾಡಿಕೊಳ್ಳಿ, ಬೆಳಗಿನ ಇಬ್ಬನಿ ಆರಿದ ಮೇಲೆ ಆರಂಭಿಸಿ, ಮಧ್ಯಾಹ್ನ ಮೂರರೊಳಗೆ ಕೊನೆಯ ಪದರ ಮುಗಿಸಿ. ರಾತ್ರಿಯ ತೇವ ಇಳಿಯುವ ಹೊತ್ತಿಗೆ ರೆಸಿನ್ ಗಟ್ಟಿಯಾಗಿರಬೇಕು.


ಉತ್ತರ: ಮಂಗಳೂರಿನ ರೆಸಿನ್ ಅಂಗಡಿ

ಮೇಲಿನವರು ಕೆಲಸದ ಕ್ರಮವನ್ನು ಚೆನ್ನಾಗಿ ಹೇಳಿದ್ದಾರೆ. ನಾನು ಈ ಸಾಮಾನುಗಳನ್ನು ಮಾರುವ ಅಂಗಡಿಯಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ಮನೆಯಲ್ಲಿ ಮಾಡುವವರಿಗೆ ಒಂದು ಎಚ್ಚರಿಕೆಯನ್ನು ಹೇಳದೆ ನಾನು ರೆಸಿನ್ ಡಬ್ಬಿ ಕೈಗೆ ಕೊಡುವುದಿಲ್ಲ.

ನಮ್ಮಲ್ಲಿ ಸಿಗುವ ಪಾಲಿಯೆಸ್ಟರ್ ರೆಸಿನ್ನಿನ ಜೊತೆಗೆ ಹಲವು ಸಲ ಎರಡು ಸಣ್ಣ ಬಾಟಲಿ ಕೊಡುತ್ತಾರೆ. ನೇರಳೆ ಬಣ್ಣದ್ದು ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್, ನೀರಿನಂತೆ ತಿಳಿಯಾಗಿರುವುದು ರೆಸಿನ್ನನ್ನು ಗಟ್ಟಿ ಮಾಡುವ ಎಂ.ಇ.ಕೆ.ಪಿ. ಎಂಬ ಕ್ಯಾಟಲಿಸ್ಟ್. ಇವೆರಡನ್ನು ನೇರವಾಗಿ ಒಂದಕ್ಕೊಂದು ಯಾವ ಕಾರಣಕ್ಕೂ ಬೆರೆಸಬಾರದು. ಬೆರೆಸಿದರೆ ಆ ಕ್ಷಣದಲ್ಲೇ ಬೆಂಕಿ ಹತ್ತಬಹುದು, ಸಿಡಿಯಬಹುದು. ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಹಾಕಿ ಪೂರ್ತಿ ಕಲಸಿ, ಆಮೇಲೆ ಮಾತ್ರ ಬೇರೆ ಸಿರಿಂಜಿನಿಂದ ಕ್ಯಾಟಲಿಸ್ಟ್ ಹಾಕಬೇಕು. ಒಂದರ ಸಿರಿಂಜನ್ನು ಇನ್ನೊಂದಕ್ಕೆ ಅದ್ದಬಾರದು. ಕೋಬಾಲ್ಟ್ ಮೊದಲೇ ಬೆರೆಸಿರುವ ರೆಸಿನ್ ಕೇಳಿ ಕೊಂಡರೆ ಈ ಅಪಾಯವೇ ಇರುವುದಿಲ್ಲ. ಮನೆಯಲ್ಲಿ ಮಾಡುವವರಿಗೆ ನಾನು ಅದನ್ನೇ ಸೂಚಿಸುತ್ತೇನೆ.

ಕ್ಯಾಟಲಿಸ್ಟಿನ ಪ್ರಮಾಣ ರೆಸಿನ್ನಿನ ತೂಕದ ಶೇಕಡಾ 1ರಿಂದ 2ರ ನಡುವೆ ಇರಬೇಕು. ನಿಮ್ಮ ಏಪ್ರಿಲ್ ಸೆಕೆಗೆ ಶೇಕಡಾ 1ರ ಸುತ್ತಮುತ್ತ ಸಾಕು. ಒಮ್ಮೆಗೆ 200 ಗ್ರಾಮಿಗಿಂತ ಹೆಚ್ಚು ಕಲಸಬೇಡಿ, ಅದಕ್ಕೆ 2 ಗ್ರಾಂ ಕ್ಯಾಟಲಿಸ್ಟ್ ಎಂದರೆ 2 ಮಿಲಿಲೀಟರಿಗಿಂತ ತುಸು ಕಡಿಮೆ. ಬೇಗ ಗಟ್ಟಿಯಾಗುತ್ತದೆ ಎಂದು ಹೆದರಿ ಶೇಕಡಾ 1ಕ್ಕಿಂತ ಕೆಳಗೆ ಇಳಿಸುವುದು ದೊಡ್ಡ ತಪ್ಪು. ಮೇಲೆ ಗಟ್ಟಿಯಾದಂತೆ ಕಂಡರೂ ಒಳಗೆ ಅದು ಎಂದೂ ಪೂರ್ತಿ ಪಕ್ವವಾಗುವುದಿಲ್ಲ, ಹಾಗೆ ಹಸಿಯಾಗಿ ಉಳಿದದ್ದೇ ಮುಂದೆ ನಿಮ್ಮ ಗುಳ್ಳೆಗಳಿಗೆ ಮೂಲವಾಗುತ್ತದೆ. ಸಮಯ ಬೇಕಿದ್ದರೆ ಕಡಿಮೆ ಕಲಸಿ, ಅಗಲವಾದ ತಟ್ಟೆಯಲ್ಲಿ ಹರಡಿಟ್ಟುಕೊಳ್ಳಿ. ಲೋಟದಲ್ಲಿ ಗುಡ್ಡೆಯಾಗಿದ್ದರೆ ತನ್ನ ಕಾವಿಗೇ ಅದು ಬೇಗ ಹೆಪ್ಪುಗಟ್ಟುತ್ತದೆ.

ಪಾಲಿಯೆಸ್ಟರೋ ಎಪಾಕ್ಸಿಯೋ ಎಂಬ ಪ್ರಶ್ನೆಗೆ ನನ್ನ ಅಭಿಪ್ರಾಯ ಇದು. ಹಳೆಯ ಫೈಬರಿಗೆ ಕಚ್ಚಿಕೊಳ್ಳುವುದರಲ್ಲಿಯೂ ನೀರು ತಡೆಯುವುದರಲ್ಲಿಯೂ ಎಪಾಕ್ಸಿ ಮೇಲು. ಬೆಲೆ ಹಲವು ಪಟ್ಟು ಹೆಚ್ಚು. ಆದರೆ ನಿಮ್ಮ ತೂತಿನ ತೇಪೆಗೆ ಬೇಕಾಗುವ ರೆಸಿನ್ ಚೆಲ್ಲಿಹೋಗುವುದನ್ನು ಸೇರಿಸಿದರೂ 150 ಗ್ರಾಂ ದಾಟುವುದಿಲ್ಲ, ಅಷ್ಟರಲ್ಲಿ ಬೆಲೆಯ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ತೂತಿಗೂ ಗುಳ್ಳೆಯ ಕುಳಿಗಳಿಗೂ ಎಪಾಕ್ಸಿ ಬಳಸಿ ಎನ್ನುತ್ತೇನೆ. ಆಗ ಮ್ಯಾಟ್ ಬೇಡ, ನೇಯ್ದ ಗಾಜಿನ ಬಟ್ಟೆ ತೆಗೆದುಕೊಳ್ಳಿ. ಮ್ಯಾಟಿನ ಎಳೆಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನಿಗೆ ಕರಗುತ್ತದೆ, ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲದ ಕಾರಣ ಮ್ಯಾಟ್ ಸರಿಯಾಗಿ ನೆನೆಯದೆ ಬಿರುಸಾಗಿ ಎದ್ದುನಿಲ್ಲುತ್ತದೆ. ಬಟ್ಟೆ ಮ್ಯಾಟಿಗಿಂತ ತೆಳುವಾದ್ದರಿಂದ ಪದರಗಳ ಸಂಖ್ಯೆ ಹೆಚ್ಚಾಗುತ್ತದೆ. ಇಳಿಜಾರಿನ ಗುಂಡಿ ಹಳೆಯ ತಳದ ಮಟ್ಟಕ್ಕೆ ತುಂಬುವವರೆಗೆ ಹಾಕಿ. ಗುಳ್ಳೆಯ ಕುಳಿಗಳಿಗೆ ಎಪಾಕ್ಸಿಗೆ ಫ್ಯೂಮ್ಡ್ ಸಿಲಿಕಾ ಪುಡಿ ಸೇರಿಸಿ ಬೆಣ್ಣೆಯ ಹದಕ್ಕೆ ಕಲಸಿ ತುಂಬಿ. ಎಪಾಕ್ಸಿಯ ಗಟ್ಟಿಕಾರಕವನ್ನು ಕಡಿಮೆ ಹೆಚ್ಚು ಮಾಡುವಂತಿಲ್ಲ. ಡಬ್ಬಿಯ ಮೇಲಿನ ಅಳತೆಯನ್ನು ತಕ್ಕಡಿಯಲ್ಲಿ ತೂಗಿಯೇ ಹಾಕಬೇಕು. ಗಟ್ಟಿಯಾದ ಮೇಲೆ ಮೇಲ್ಮೈಯಲ್ಲಿ ಸೋಪಿನಂತಹ ಜಿಡ್ಡು ಕಂಡರೆ ಮೊದಲು ನೀರಿನಿಂದ ತೊಳೆದು ಆಮೇಲೆ ಉಜ್ಜಿ.

ಒಂದು ನಿಯಮವನ್ನು ಮರೆಯಬೇಡಿ. ಹಳೆಯ ಪಾಲಿಯೆಸ್ಟರಿನ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ, ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಹಿಡಿಯುವುದಿಲ್ಲ. ಆದ್ದರಿಂದ ಎಪಾಕ್ಸಿ ತೇಪೆಯ ಮೇಲೆ ಸಾಮಾನ್ಯ ಜೆಲ್‌ಕೋಟ್ ಬಳಿಯದೆ ಎರಡು ಡಬ್ಬಿಯದನ್ನು ಬೆರೆಸಿ ಬಳಸುವ ಎಪಾಕ್ಸಿ ಬಣ್ಣ ಬಳಿಯಿರಿ.

ಕೊನೆಯದಾಗಿ, ಗಾಜಿನ ಧೂಳಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಉಜ್ಜುವಾಗ ಎನ್95 ಮಾಸ್ಕ್, ರೆಸಿನ್ ಬಳಸುವಾಗ ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್, ಎರಡೂ ಹೊತ್ತಿಗೆ ಮುಚ್ಚಿದ ಕನ್ನಡಕ ಮತ್ತು ಕೈಗವಸು ಬೇಕು. ಕ್ಯಾಟಲಿಸ್ಟ್ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಬಿದ್ದ ಕೂಡಲೇ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯುತ್ತಲೇ ಇದ್ದು, ಹಾಗೆಯೇ ಕಣ್ಣಿನ ವೈದ್ಯರ ಬಳಿಗೆ ಹೋಗಿ. ಬಳಸಿ ಉಳಿದ ರೆಸಿನ್ನನ್ನೂ ಅದು ಹತ್ತಿದ ಬಟ್ಟೆಗಳನ್ನೂ ಗುಡ್ಡೆ ಹಾಕದೆ ಬಯಲಿನಲ್ಲಿ ಹರಡಿ, ತಣ್ಣಗಾಗುವವರೆಗೆ ಕಣ್ಣಿಟ್ಟಿರಿ.


ಉತ್ತರ: ತದಡಿ ಕಡೆಯವರು

ತಮ್ಮಾ, ನಾನು ರೆಸಿನ್ನಿನ ಲೆಕ್ಕ ಬಲ್ಲವನಲ್ಲ, ಆದರೆ ನಲವತ್ತು ವರ್ಷದಿಂದ ಇದೇ ಅಳಿವೆಯಲ್ಲಿ ದೋಣಿ ನಡೆಸುತ್ತಿದ್ದೇನೆ. ತೂತು ಮುಚ್ಚುವ ಮಾತನ್ನು ಇಬ್ಬರೂ ಹೇಳಿದರು. ಕೀಲ್ ಏಕೆ ಸವೆಯಿತು ಎಂಬುದನ್ನೂ ನೀನು ನೋಡಬೇಕು, ಇಲ್ಲವಾದರೆ ಎರಡು ವರ್ಷಕ್ಕೆ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತೀ.

ಮರದ ದೋಣಿಯನ್ನು ಎಳೆದ ಹಾಗೆ ಫೈಬರ್ ದೋಣಿಯನ್ನು ಎಳೆಯಬಾರದು. ಮರ ಸವೆದರೂ ಒಳಗೆ ಮರವೇ ಇರುತ್ತದೆ. ಫೈಬರಿನಲ್ಲಿ ಮೇಲಿನ ತೆಳು ಪದರ ಹೋದ ಮೇಲೆ ಗಾಜಿನ ಎಳೆಗಳು ಬತ್ತಿಯ ಹಾಗೆ ನೀರು ಎಳೆಯುತ್ತವೆ. ನಮ್ಮ ದಂಡೆಯಲ್ಲಿ ಬರೀ ಕೆಸರಾದರೆ ಚಿಂತೆಯಿಲ್ಲ. ಕೆಸರಿನೊಳಗೆ ಬಳಚಿನ ಚಿಪ್ಪು ಚೂರಿಯ ಹಾಗೆ ನಿಂತಿರುತ್ತದೆ, ದಡದ ಮೆಟ್ಟಿಲಿಗೆ ಚಿರೆಕಲ್ಲು ಹಾಕಿರುತ್ತಾರೆ. ದೋಣಿಯ ಮೂತಿ ಮೊದಲು ತಾಗುವುದು ಅಲ್ಲಿಗೇ. ಅದಕ್ಕೇ ನಿನ್ನ ಕೀಲಿನ ಮುಂಭಾಗ ಮಾತ್ರ ಸವೆದಿದೆ. ತೆಂಗಿನ ಕಾಂಡದ ತುಂಡುಗಳನ್ನು ಉರುಳಿಗೆ ಹಾಕಿ, ಭರತ ತುಂಬಿದ ಹೊತ್ತಿಗೆ ದೋಣಿಯನ್ನು ತೇಲಿಸಿಕೊಂಡೇ ದಡಕ್ಕೆ ತಂದು ಉರುಳಿಯ ಮೇಲೆ ಹತ್ತಿಸು. ಇಳಿತದಲ್ಲಿ ಅವಸರಕ್ಕೆ ಎಳೆಯಬೇಡ.

ಕೀಲಿಗೆ ಮರದ ಪಟ್ಟಿಯನ್ನು ಸ್ಕ್ರೂ ಹಾಕಿ ಕೂರಿಸುವವರಿದ್ದಾರೆ. ಆ ಸ್ಕ್ರೂ ಹೋದ ಪ್ರತಿಯೊಂದು ತೂತೂ ಮುಂದೆ ನೀರಿನ ದಾರಿಯಾಗುತ್ತದೆ. ನಾನು ಕೀಲಿನ ಮೇಲೆ ಮೂರು ಪದರ ಹೆಚ್ಚಿಗೆ ಹಾಕಿಸಿ, ಅದನ್ನು ಸವೆಯಲೆಂದೇ ಬಿಟ್ಟಿದ್ದೇನೆ. ಅದು ಸವೆದು ಹಳೆಯ ಬಣ್ಣ ಕಾಣತೊಡಗಿದ ಕೂಡಲೇ ಮತ್ತೆ ಹಾಕಿಸುತ್ತೇನೆ, ದೋಣಿಯ ಸ್ವಂತ ಮೈ ಸವೆಯುವವರೆಗೆ ಕಾಯುವುದಿಲ್ಲ.

ಇನ್ನೊಂದು ಮಾತು. ಉಜ್ಜುವ ಕೆಲಸವನ್ನು ದಡದಲ್ಲಿ ಮಾಡಬೇಡ, ಮನೆಯಂಗಳದಲ್ಲಿ ಟಾರ್ಪಾಲು ಹಾಸಿ ಮಾಡು. ಆ ಗಾಜಿನ ಧೂಳು, ಅಸಿಟೋನ್ ಬಟ್ಟೆ, ಉಳಿದ ರೆಸಿನ್ ಒಂದೂ ನೀರಿಗೆ ಹೋಗಬಾರದು. ನಮ್ಮ ಅಳಿವೆ 2024ರಲ್ಲಿ ರಾಮ್‌ಸರ್ ಪಟ್ಟಿಗೆ, ಎಂದರೆ ಮಹತ್ವದ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಗೆ, ಸೇರಿತು ಎಂದು ಎಲ್ಲರೂ ಸಂತೋಷಪಟ್ಟೆವು. ಆದರೆ ಪಟ್ಟಿಗೆ ಸೇರುವ ಮೊದಲೂ ಆ ಕೆಸರಿನ ಬಳಚನ್ನೇ ತೆಗೆದು ನೂರಾರು ಮನೆಗಳು ಉಂಡಿವೆ. ಬಳಚು ನೀರನ್ನು ಸೋಸಿಯೇ ಬದುಕುವ ಜೀವ, ನಾವು ಹಾಕಿದ್ದು ಅದರ ಹೊಟ್ಟೆಗೇ ಹೋಗುತ್ತದೆ.


ಮರುಪ್ರಶ್ನೆ: ಅಳಿವೆ ದಂಡೆ

ಮೂವರಿಗೂ ಮನಃಪೂರ್ವಕ ವಂದನೆಗಳು. ಹೇಳಿದಂತೆಯೇ ನೀರು ತುಂಬಿ ನೋಡಿದೆ. ಹಿಂಭಾಗದಲ್ಲಿ ನನಗೆ ಗೊತ್ತೇ ಇಲ್ಲದಿದ್ದ ಒಂದು ಬಿರುಕಿನಲ್ಲಿ ಹನಿ ಕಟ್ಟಿತು. ಎಂಜಿನ್ ಕೂರುವ ಹಲಗೆಯ ಬುಡಕ್ಕೆ ಅದು ಬಹಳ ಹತ್ತಿರದಲ್ಲಿದೆ. ಚಮಚದಿಂದ ತಟ್ಟಿದಾಗ ತೂತಿನ ಸುತ್ತ ಸುಮಾರು 9 ಸೆಂಟಿಮೀಟರ್ ಅಗಲದವರೆಗೆ ಮಂದ ಸದ್ದು ಬಂತು. ಗುಳ್ಳೆಗಳನ್ನು ಎಣಿಸಿದೆ, ಒಟ್ಟು 31 ಇವೆ.

ಎರಡು ಸಂದೇಹ ಉಳಿದಿವೆ. ಕೀಲ್ ಸುಮಾರು 4 ಮೀಟರ್ ಉದ್ದವಿದೆ, ಅದಕ್ಕೆ ಪೂರ್ತಿ ಎಪಾಕ್ಸಿ ಹಾಕುವಷ್ಟು ಅನುಕೂಲ ನಮಗಿಲ್ಲ. ಅಲ್ಲಿ ಪಾಲಿಯೆಸ್ಟರ್ ಬಳಸಬಹುದೇ? ಹಿಂಭಾಗದ ಬಿರುಕನ್ನು ಹೊರಗಿನಿಂದ ಮಾತ್ರ ಮುಚ್ಚಿದರೆ ಸಾಕೇ?


ಉತ್ತರ: ಕುಂದಾಪುರದ ದೋಣಿಶೆಡ್ಡು

ಕೀಲಿಗೆ ಪಾಲಿಯೆಸ್ಟರ್ ಬಳಸಬಹುದು. ಅದು ಸವೆಯಲೆಂದೇ ಹಾಕುವ ಪದರ, ಮುಂದೆ ಮತ್ತೆ ಮತ್ತೆ ಹಾಕಬೇಕಾಗುವುದರಿಂದ ಪಾಲಿಯೆಸ್ಟರೇ ಅನುಕೂಲ. ಸಾಮಾನ್ಯ ರೆಸಿನ್ನಿಗಿಂತ ಐಸೋ ರೆಸಿನ್ ಎಂದು ಕೇಳಿ ತೆಗೆದುಕೊಳ್ಳಿ, ನೀರಿಗೆ ಅದು ಹೆಚ್ಚು ತಾಳುತ್ತದೆ. 4 ಮೀಟರ್ ಉದ್ದ, 10 ಸೆಂಟಿಮೀಟರ್ ಅಗಲ, ಮೂರು ಪದರ ಎಂದರೆ 1.2 ಚದರ ಮೀಟರ್ ಮ್ಯಾಟ್, ಅದರ ತೂಕ 540 ಗ್ರಾಂ. ಮ್ಯಾಟಿನ ತೂಕದ ಎರಡೂವರೆಯಷ್ಟು ರೆಸಿನ್ ಲೆಕ್ಕ ಹಿಡಿದರೆ 1 ಕಿಲೋ 350 ಗ್ರಾಂ, ಪೋಲಾಗುವುದಕ್ಕೆ ಸೇರಿಸಿ ಎರಡು ಕಿಲೋ ತನ್ನಿ. ಮೂರು ಪದರದ ಅಗಲವನ್ನು 12, 10, 8 ಸೆಂಟಿಮೀಟರ್ ಎಂದು ಮೆಟ್ಟಿಲು ಮಾಡಿ, ಒಂದೇ ಗೆರೆಯಲ್ಲಿ ಎಲ್ಲವೂ ಮುಗಿಯಬಾರದು. ಮೊದಲು ಕೀಲಿನ ಕೆಲಸ ಮುಗಿಸಿ, ಆಮೇಲೆ ಎಪಾಕ್ಸಿಯ ಕೆಲಸ ಮಾಡಿ. ಹೀಗೆ ಮಾಡಿದರೆ ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಬೀಳುವ ಸಂದರ್ಭವೇ ಬರುವುದಿಲ್ಲ. ಕೀಲಿನ ಕೊನೆಯ ಪದರದ ಮೇಲೆ ಜೆಲ್‌ಕೋಟ್ ಬಳಿಯುವುದಾದರೆ ಅದಕ್ಕೆ ಮೇಣದ ದ್ರಾವಣ ಸೇರಿಸಿ ಕೊಡಲು ಅಂಗಡಿಯವರಿಗೆ ಹೇಳಿ, ಇಲ್ಲವಾದರೆ ಗಾಳಿ ತಾಗುವ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ.

ತೂತಿನ ಲೆಕ್ಕ ಬದಲಾಯಿತು. ಆ 9 ಸೆಂಟಿಮೀಟರನ್ನೂ ಕತ್ತರಿಸಿ ತೆಗೆದರೆ ನಿಮ್ಮ ತೇಪೆ 21 ಸೆಂಟಿಮೀಟರ್ ಅಗಲವಾಗುತ್ತದೆ, ಎಪಾಕ್ಸಿಯೂ ಅಂಗಡಿಯವರು ಹೇಳಿದ್ದಕ್ಕಿಂತ ಹೆಚ್ಚು ಬೇಕಾಗುತ್ತದೆ.

ಹಿಂಭಾಗದ ಬಿರುಕಿನ ಬಗ್ಗೆ ನನಗೆ ಆತಂಕವಿದೆ. ಎಂಜಿನ್ ಹಲಗೆಯ ಒಳಗೆ ಪ್ಲೈವುಡ್ ಇರುತ್ತದೆ. ಬಿರುಕಿನಿಂದ ನೀರು ಅದಕ್ಕೆ ಮುಟ್ಟಿದ್ದರೆ ಹೊರಗಿನಿಂದ ಮುಚ್ಚಿದಾಗ ಆ ನೀರು ಒಳಗೇ ಉಳಿದು ಮರ ಕೊಳೆಯುತ್ತದೆ. ಹಲಗೆಯ ಒಳಬದಿಯ ಕೆಳಭಾಗದಲ್ಲಿ 4 ಮಿಲಿಮೀಟರಿನ ಡ್ರಿಲ್ಲಿನಿಂದ ಒಂದು ಸಣ್ಣ ತೂತು ಕೊರೆದು, ಹೊರಬರುವ ಪುಡಿಯನ್ನು ಅಂಗೈ ಮೇಲೆ ಹಿಡಿದು ನೋಡಿ. ಒಣಗಿದ ತಿಳಿಬಣ್ಣದ ಪುಡಿಯಾದರೆ ಮರ ಚೆನ್ನಾಗಿದೆ, ಆ ತೂತನ್ನು ಎಪಾಕ್ಸಿಯಿಂದ ಮುಚ್ಚಿ ಬಿರುಕಿನ ಕೆಲಸ ಮುಂದುವರಿಸಿ. ಕಪ್ಪಾಗಿ ಒದ್ದೆಯಾಗಿ ಬಂದರೆ ಹಲಗೆಯನ್ನೇ ಬದಲಿಸಬೇಕು. ಅದು ಬೇರೆಯದೇ ಆದ ದೊಡ್ಡ ಕೆಲಸ. ಅದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಮಾಡಿ ಎಂಜಿನ್ ಕಟ್ಟಿಕೊಂಡು ನೀರಿಗೆ ಹೋಗಬೇಡಿ.


ಅಳಿವೆ ದಂಡೆ

ಇವತ್ತು ಬೆಳಿಗ್ಗೆ ಕೊರೆದು ನೋಡಿದೆ. ಪುಡಿ ಒಣಗಿದೆ, ತಿಳಿಬಣ್ಣದ್ದಾಗಿದೆ, ಮರದ ವಾಸನೆಯೂ ಇದೆ. ಗುಳ್ಳೆಗಳನ್ನು ತೆರೆದು ಎರಡನೆಯ ದಿನದ ಬಿಸಿನೀರಿನ ತೊಳೆತ ಮುಗಿದಿದೆ. ಮೊದಲ ದಿನ ಇದ್ದ ಹುಳಿ ವಾಸನೆ ಇವತ್ತು ಬಹಳ ಕಡಿಮೆಯಾಗಿದೆ. ತಂದೆಯವರು ಚಪ್ಪರಕ್ಕೆ ಗರಿ ಹೆಣೆಯುತ್ತಿದ್ದಾರೆ. ಈ ತಿಂಗಳ ಕೊನೆಗೆ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಮಾಡಿ ಇಲ್ಲಿಯೇ ತಿಳಿಸುತ್ತೇನೆ. ಎಲ್ಲ ಮುಗಿದ ಮೇಲೆ ನೀರಿಗೆ ಇಳಿಸಲು ಎಷ್ಟು ದಿನ ಕಾಯಬೇಕು ಎಂಬುದನ್ನು ಮಾತ್ರ ಹೇಳಿಬಿಡಿ.


ಉತ್ತರ: ಮಂಗಳೂರಿನ ರೆಸಿನ್ ಅಂಗಡಿ

ಕೊನೆಯ ಪದರ ಹಾಕಿದ ದಿನದಿಂದ ಒಂದು ವಾರ. ಕೈಗೆ ಗಟ್ಟಿ ಎನಿಸುವುದು ಮರುದಿನವೇ, ಆದರೆ ಒಳಗಿನ ಪಾಕ ಪೂರ್ತಿಯಾಗಲು ಅಷ್ಟು ಸಮಯ ಬೇಕು. ಆ ವಾರ ಬಿಸಿಲು ಚೆನ್ನಾಗಿದ್ದರೆ ಹಗಲಿನಲ್ಲಿ ಚಪ್ಪರ ಸರಿಸಿ ತಳಕ್ಕೆ ಬಿಸಿಲು ತಾಗಲು ಬಿಡಿ.